ಹೊರೆ ಹೊರದ ಚಕ್ಕಡಿ



ಸಾಂಗ್ಲಿವಾಡಿಯ ನಮ್ಮ ಮಠದ ಅಂಗಳದಲ್ಲಿ ಹೂದೋಟ ಮಾಡಿದ ಸಂಗತಿ ತಮಗೆ ತಿಳಿದದ್ದೇ. ಅದರ ನಡುವೆ ಕಟ್ಟಿಗೆಯ ಸಣ್ಣ ಚಕ್ಕಡಿಯೊಂದನ್ನು ಮಾಡಿಸಿ, ಸೇವಂತಿಗೆಯ ಕುಂಡಗಳನ್ನಿಟ್ಟರೆ ಶೋಭೆ ಎಂದು ತರುಣ ಭಕ್ತರು ಸೂಚಿಸಿದರು. ಸಣ್ಣ ಮಾತು, ಆದರೆ ಸಭೆಯಲ್ಲಿ ಅದಕ್ಕೇ ಎರಡು ತಾಸು ಹಿಡಿಯಿತು. ಏಕೆಂಬುದನ್ನು ತಮ್ಮ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಲೆಕ್ಕ ಬರೆಯುವವರಾದ ನಮಗೆ ಮೊದಲು ತೋಚಿದ್ದು, ಈ ಖರ್ಚು ಯಾವ ಖಾತೆಗೆ ಎಂಬುದು. ದಾಸೋಹಕ್ಕೆಂದು ಬಂದ ಹಣ ಅನ್ನವೇ ಆಗಬೇಕು. ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ತಾಯಿ ಅದನ್ನು ಮರಳಿಸಿದ ಕಥೆಯನ್ನು ಭಕ್ತರಿಗೆ ಹೇಳುತ್ತ ಬಂದ ನಾವು, ಆ ಹಣದಿಂದ ಅಲಂಕಾರದ ಗಾಡಿ ಮಾಡಿಸುವುದೆಂತು? ಇದು ಬೇಗ ಬಗೆಹರಿಯಿತು. ಚಕ್ಕಡಿ ಬೇಕೆಂದವರೇ ಬೇರೆ ವಂತಿಗೆ ಕೂಡಿಸಿದರು.

ಬಗೆಹರಿಯದ್ದು ಇನ್ನೊಂದು. ಜತ್ತ ಭಾಗದಿಂದ ಬರುವ ವೃದ್ಧ ಭಕ್ತರೊಬ್ಬರು, ಅರ್ಧ ಆಯುಷ್ಯ ಗಾಡಿ ಹೊಡೆದವರು, ಕುಳಿತಲ್ಲಿಂದಲೇ ಕೇಳಿದರು: “ನಮ್ಮ ಎತ್ತು ಹೆಗಲ ಹುಣ್ಣ ಮಾಡ್ಕೊಂಡು ಎಳದ ಗಾಡಿ ನಿಮಗ ನೋಡೂ ಗೊಂಬಿ ಆತೇನ್ರಿ?”

ಸಭೆ ಸುಮ್ಮನಾಯಿತು. ಒಬ್ಬರ ಕಾಯಕದಿಂದ ಬೆವರನ್ನು ತೆಗೆದು ಚೆಲುವನ್ನಷ್ಟೇ ಇಟ್ಟುಕೊಳ್ಳುವುದು ಗೌರವವೋ, ಮರೆವೋ? ಗಾಡಿಯ ಕಾಲ ಇನ್ನೂ ಮುಗಿದಿಲ್ಲ. ಕಬ್ಬಿನ ಹಂಗಾಮಿನಲ್ಲಿ ನಮ್ಮ ಭಾಗದ ಕಾರಖಾನೆಗಳಿಗೆ ಟಾಯರ್ ಗಾಡಿಗಳು ಇಂದಿಗೂ ಹೊರೆ ಎಳೆಯುತ್ತವೆ. 1965ರ ಕೇಂದ್ರ ನಿಯಮಗಳ ಪ್ರಕಾರ ಎತ್ತನ್ನು ದಿನಕ್ಕೆ 9 ತಾಸು, ಸತತವಾಗಿ 5 ತಾಸು ಮೀರಿ ದುಡಿಸುವಂತಿಲ್ಲ; ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಬಲ್ಲವರೆಷ್ಟು ಜನ? ಕಾರಕೂನಿಕೆಯ ನಮಗೂ ಈ ಚರ್ಚೆಗೆಂದು ಹುಡುಕಿದಾಗಲೇ ತಿಳಿದದ್ದು. ರಸ್ತೆಯ ಎತ್ತನ್ನು ನೋಡದ ಕಣ್ಣು ತೋಟದ ಗಾಡಿಯನ್ನು ನೋಡಿ ಸಂತೋಷಪಟ್ಟರೆ, ಆ ಹಿರಿಯರು ಕೇಳಿದ್ದು ಸರಿ ಎಂದೇ ನಾವು ಒಪ್ಪಬೇಕಾಗುತ್ತದೆ.

ಆದರೂ ಅಲಂಕಾರವೆಲ್ಲ ವ್ಯರ್ಥವೆನ್ನಲು ಮನಸ್ಸು ಒಪ್ಪಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಾಡುವ ಎತ್ತುಗಳು ಯಾವ ಹೊಲವನ್ನು ಉಳುತ್ತವೆ? ಆದರೆ ಅವು ಹುಟ್ಟಿದ್ದು ದನದ ಹಟ್ಟಿಯ ಪಕ್ಕದ ಮನೆಯಲ್ಲಿ. ಜೀವದ ಎತ್ತಿಗೆ ಮೇವು ಹಾಕಿದ ಕೈಯೇ ಮಣ್ಣಿನದನ್ನೂ ಮಾಡುತ್ತಿತ್ತು. ನಮ್ಮ ಪಕ್ಕದ ಮಿರಜದಲ್ಲಿ ಕುಂಬಳ ಜಾತಿಯ ಬುರುಡೆಗೆ ಕಟ್ಟಿಗೆ ಕೂಡಿಸಿ ತಂಬೂರಿ ಮಾಡುತ್ತಾರೆ. 2024ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ದೊರೆಯಿತು. ಆ ಕಟ್ಟಿಗೆ ಹೊರೆ ಹೊರುವುದಿಲ್ಲ, ಸ್ವರ ಹೊರುತ್ತದೆ.

ಹೀಗೆ ತೂಗಾಡುತ್ತಿರುವಾಗ ದಾರಿ ತೋರಿಸಿದವರು ಬಡಿಗೇರರು. ಅವರು ಕೇಳಿದ್ದು ಒಂದೇ: “ಗಾಲಿ ತಿರಗಬೇಕೋ, ನಿಂತಿರಬೇಕೋ?” ನಿಂತಿರುವುದಾದರೆ ಪ್ಲಾಯವುಡ್ ದುಂಡಗೆ ಕತ್ತರಿಸಿ, ತಗಡಿನ ಪಟ್ಟಿ ಬಡಿದು, ಬಣ್ಣ ಹಚ್ಚಿದರಾಯಿತು, ಖರ್ಚು ಅರ್ಧ. ತಿರುಗಬೇಕಾದರೆ ಜಾಲಿ ಕಟ್ಟಿಗೆಯಲ್ಲಿ ನಡುವಿನ ಗುಂಬ, ಅರೆಗಳು, ಸುತ್ತಿನ ವಟ್ಟಿಗಳನ್ನು ಬೇರೆ ಬೇರೆ ಕೆತ್ತಿ ಕೂಡಿಸಬೇಕು. ಕಂಬಾರರು ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರು ಹೊಯ್ಯುತ್ತಾರೆ. ತಣಿದ ಹಳಿ ಕುಗ್ಗಿ ಕೀಲುಗಳನ್ನೆಲ್ಲ ಬಿಗಿಯುತ್ತದೆ. ಗಾಲಿ ಸಣ್ಣದಾದರೂ ಕೆಲಸದ ಕ್ರಮ ಇದೇ.

ನೋಡುವವರಿಗೆ ಯಾರಿಗೂ ತಿಳಿಯದು ಎಂದರು ಕೆಲವರು. ಬಡಿಗೇರರಿಗೆ ತಿಳಿಯುತ್ತದಲ್ಲ! ಬಾಚಿಯನ್ನೇ ಕಾಯಕದ ಹೆಸರಾಗಿ ಧರಿಸಿದ ಶರಣರಿದ್ದ ಪರಂಪರೆ ನಮ್ಮದು. ಮಠದ ಅಂಗಳದಲ್ಲಿ ಬಡಿಗರ ಕೈಯಿಂದ ಸುಳ್ಳು ಗಾಲಿ ಮಾಡಿಸುವುದು ನಮಗೆ ಸರಿಬರಲಿಲ್ಲ. ಕೃಷ್ಣೆಯನ್ನೂ ನೆನೆಯಬೇಕು. 2005ರ, 2019ರ ಮಹಾಪೂರಗಳನ್ನು ಕಂಡವರು ನಾವು. ತಿರುಗುವ ಗಾಲಿಯಾದರೆ ನೀರು ಏರುವ ಮೊದಲು ಇಬ್ಬರು ಎಳೆದು ಎತ್ತರಕ್ಕೆ ಒಯ್ದಾರು, ಒಂದೆರಡು ಅಕ್ಕಿ ಚೀಲ ಹೇರಿಕೊಂಡೇ.

ತಿರುಗುವ ಗಾಲಿಯನ್ನೇ ಮಾಡಿಸಿದೆವು. ಹಂಗಾಮಿನಲ್ಲಿ ದಾರಿಯ ಎತ್ತುಗಳಿಗೆಂದು ಬಾಗಿಲ ಹೊರಗೆ ನೀರಿನ ತೊಟ್ಟಿ ಇಡಲು ತರುಣರು ಒಪ್ಪಿದ್ದಾರೆ. ಅದರ ವೆಚ್ಚವನ್ನು ಮಾತ್ರ ದಾಸೋಹದ ಖಾತೆಗೇ ಬರೆದಿದ್ದೇವೆ.

ಆ ಹಿರಿಯರು ಹಿಂದಿನ ಅಮಾವಾಸ್ಯೆಗೆ ಬಂದಿದ್ದರು. ಚಕ್ಕಡಿಯ ಬಳಿ ಕುಳಿತು ಗಾಲಿಯನ್ನು ಕೈಯಿಂದ ತಿರುಗಿಸಿದರು, ಕಡಾಣಿ ಅಲುಗಿಸಿ ನೋಡಿದರು. “ಅಚ್ಚಿಗೆ ಎಣ್ಣಿ ಹಾಕಿಲ್ಲಲ್ರಿ” ಎಂದು ಪ್ರಸಾದಕ್ಕೆ ನಡೆದರು. ಒಪ್ಪಿದರೋ ಇಲ್ಲವೋ, ನಾವು ಕೇಳಲಿಲ್ಲ.