ಕೊಯ್ದ ಮೇಲೆ ಮಾಗದ ಹಣ್ಣು

ಯೋಹಾನ 15ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ. ಅದಕ್ಕೆ ಮೊದಲು ಒಂದು ದ್ರಾಕ್ಷಿಯ ಸಾಕ್ಷಿ ಹೇಳ್ತೇನೆ.

ಕಳೆದ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಮನೆಕೂಟ ಮುಗಿಸಿ ಬಂಟ್ವಾಳಕ್ಕೆ ಹೊರಟಿದ್ದೆ. ಸೂಪರ್ ಮಾರ್ಕೆಟಿಗೆ ಹೋದದ್ದು ಹಾಲಿಗೆ. ನೋಡಿದರೆ ಅಲ್ಲಿ ಪೆರು ದೇಶದ ಕೆಂಪು ದ್ರಾಕ್ಷಿ! ನಮ್ಮ ವಿಜಯಪುರದ ದ್ರಾಕ್ಷಿ ಬರಲು ಇನ್ನೂ ಸಮಯ ಇತ್ತು. ಭೂಮಿಯ ಆ ಕಡೆ ಆಗ ಬೇಸಿಗೆ, ಕೊಯ್ಲಿನ ಕಾಲ. ಬೆಲೆ ನೋಡಿ ಎರಡು ಸಲ ಕೆಳಗಿಟ್ಟೆ. ಮೂರನೇ ಸಲ ಬುಟ್ಟಿಗೆ ಹಾಕಿದೆ.

ಮನೆಯಲ್ಲಿ ಉಪ್ಪುನೀರಲ್ಲಿ ತೊಳೆದು ಬಾಯಿಗೆ ಹಾಕಿದರೆ, ಎಂತ ಸಿಹಿ ಮಾರಾಯ್ರೇ! ಬೀಜವೇ ಇಲ್ಲ. ಕಚ್ಚಿದರೆ ಕಟಕ್ ಅನ್ನುತ್ತದೆ. ದೇವರು ಒಳ್ಳೆಯದನ್ನು ಕೊಡುವುದು ನಾವು ಸಂತೋಷದಿಂದ ಅನುಭವಿಸಲಿಕ್ಕೇ. ಸ್ತೋತ್ರ ಹೇಳಿ ತಿನ್ನಿ, ತಪ್ಪಿಲ್ಲ.

ನಾವು ಸಣ್ಣವರಿರುವಾಗ ದ್ರಾಕ್ಷಿ ಅಂದರೆ ಯಾರಿಗಾದರೂ ಜ್ವರ ಬಂದಾಗ ಕಾಗದದ ಪೊಟ್ಟಣದಲ್ಲಿ ಮನೆಗೆ ಬರುವ ವಸ್ತು. ಅಣ್ಣನಿಗೆ ಹತ್ತು, ನನಗೆ ಹತ್ತು ಅಂತ ಅಮ್ಮ ಎಣಿಸಿ ಕೊಡ್ತಿದ್ರು.

ಆ ದಿನ ಗೊಂಚಲಿನ ತುದಿಯ ನಾಲ್ಕೈದು ಹಣ್ಣು ಹುಳಿ ಇತ್ತು. "ಅಕ್ಕಿ ಡಬ್ಬದಲ್ಲಿ ಇಡು, ಹಣ್ಣಾಗ್ತದೆ" ಅಂದ್ರು ಅಮ್ಮ. ಮಾವಿನಕಾಯಿ ಹಾಗೆಯೇ ಅಲ್ವಾ ನಾವು ಹಣ್ಣು ಮಾಡುವುದು? ನಾಲ್ಕು ದಿನ ಬಿಟ್ಟು ತೆಗೆದರೆ ಬಾಡಿತ್ತು. ಹುಳಿ ಮಾತ್ರ ಹಾಗೇ ಇತ್ತು.

ಬಂಟ್ವಾಳದ ಹಣ್ಣಿನಂಗಡಿಯವರನ್ನು ಕೇಳಿದೆ. ನಕ್ಕರು. "ದ್ರಾಕ್ಷಿ ಕೊಯ್ದ ಮೇಲೆ ಮಾಗುವುದಿಲ್ಲ. ಬಳ್ಳಿಯಲ್ಲಿ ಎಷ್ಟು ಸಿಹಿಯಾಗಿದೆಯೋ ಅಷ್ಟೇ." ಮಾವು, ಬಾಳೆಕಾಯಿಯ ಒಳಗೆ ಪಿಷ್ಟ ಇರುತ್ತದೆ, ಕೊಯ್ದ ಮೇಲೆ ಅದು ಸಕ್ಕರೆಯಾಗುತ್ತದೆ. ದ್ರಾಕ್ಷಿಗೆ ಆ ದಾಸ್ತಾನು ಇಲ್ಲ. ಎಲೆ ಮಾಡಿದ ಸಕ್ಕರೆ ಬಳ್ಳಿಯ ಮೂಲಕವೇ ಬರಬೇಕು. ತೊಟ್ಟು ಕತ್ತರಿಸಿದರೆ ಮುಗಿಯಿತು. ಹಡಗಿನ ತಣ್ಣನೆಯ ಪೆಟ್ಟಿಗೆ ಹಣ್ಣನ್ನು ಕೆಡದ ಹಾಗೆ ಕಾಯುತ್ತದೆ, ಮಾಗಿಸುವುದಿಲ್ಲ.

ಪ್ರಿಯರೇ, ಆ ಮಾತು ನನ್ನ ಎದೆಗೆ ತಾಗಿತು. ಜಾಗದ ಪಾಲಿನ ವಿಷಯದಲ್ಲಿ ನನಗೂ ಅಣ್ಣನಿಗೂ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಅಣ್ಣ ಇರುವುದು ಬೆಳ್ತಂಗಡಿಯಲ್ಲಿ. ಪ್ರತಿ ಶುಕ್ರವಾರ ಪ್ರಾರ್ಥನೆಗೆ ಅವರ ಗೇಟಿನ ಎದುರಿನಿಂದಲೇ ಹೋಗುತ್ತಿದ್ದೆ. ಹೋಗಿ ಪ್ರೀತಿಯ ಬಗ್ಗೆ ಪ್ರಸಂಗ ಮಾಡುತ್ತಿದ್ದೆ! "ಕಾಲ ಕಳೆದರೆ ಸರಿಹೋಗ್ತದೆ" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಸಿಟ್ಟನ್ನು ತಣ್ಣಗೆ ಇಟ್ಟಿದ್ದೆ ಅಷ್ಟೇ. ಕೆಟ್ಟಿರಲಿಲ್ಲ, ಮಾಗಿಯೂ ಇರಲಿಲ್ಲ.

ಈಗ ಯೋಹಾನ 15 ನೋಡಿ. ನನ್ನಲ್ಲಿ ನೆಲೆಗೊಂಡಿರಿ ಅಂತ ಬಳ್ಳಿಯ ವಿಷಯ ಹೇಳಿದ ಕರ್ತನು, ಅದೇ ಉಸಿರಿನಲ್ಲಿ 12ನೇ ವಚನಕ್ಕೆ ಬಂದು ಯಾವ ಆಜ್ಞೆ ಕೊಡುತ್ತಾನೆ? ಒಬ್ಬರನ್ನೊಬ್ಬರು ಪ್ರೀತಿಸಬೇಕು ಅಂತ. ಮಾಗಿಸುವುದು ಕಾಲ ಅಲ್ಲ, ಬಳ್ಳಿ. ನೆಲೆಗೊಂಡಿರುವುದು ಅಂದರೆ ಬರೀ ಆರಾಧನೆಯಲ್ಲಿ ಕೈ ಎತ್ತುವುದಲ್ಲ, ಆತನ ಮಾತಿಗೆ ಇವತ್ತೇ ವಿಧೇಯನಾಗುವುದು.

ಮುಂದಿನ ಶುಕ್ರವಾರ ಅದೇ ದ್ರಾಕ್ಷಿ ಒಂದು ಡಬ್ಬಿ ಹಿಡಿದು ಆ ಗೇಟು ತೆರೆದೆ. ಕೈ ನಡುಗುತ್ತಿತ್ತು. ಅತ್ತಿಗೆ ತೊಳೆದು ತಟ್ಟೆಯಲ್ಲಿ ತಂದಿಟ್ಟರು. "ತಪ್ಪಾಯ್ತು ಅಣ್ಣ" ಅಂದೆ. ಅವರು ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಒಂದು ಹಣ್ಣು ಬಾಯಿಗೆ ಹಾಕಿ, "ಅಮ್ಮ ಈಗಲೂ ಎಣಿಸಿ ಕೊಡ್ತಾರಾ?" ಅಂತ ಕೇಳಿದರು. ಜಾಗದ ವಿಷಯ ಇನ್ನೂ ಮುಗಿದಿಲ್ಲ. ಆದರೆ ಮಾತು ಶುರುವಾಗಿದೆ. ಹಲ್ಲೆಲೂಯಾ!

ತಮ್ಮಂದಿರೇ, ತಂಗಿಯರೇ, ನಿಮ್ಮ ಮೊಬೈಲಿನಲ್ಲಿ ವರ್ಷಗಳಿಂದ ಕರೆ ಮಾಡದ ಒಂದು ನಂಬರ್ ಇರಬಹುದು. ಸೆಟ್ಲ್ ಆದ ಮೇಲೆ ನೋಡೋಣ ಅನ್ನಬೇಡಿ. ಕಣ್ಣು ಮುಚ್ಚಿ, ಆ ಹೆಸರನ್ನು ಕರ್ತನ ಮುಂದೆ ಹೇಳಿ. ಪ್ರಾರ್ಥಿಸೋಣ. ಆಮೆನ್.