ಅಂತೆ ಎಂಬ ಎರಡಕ್ಷರ

ಪಕ್ಕದ ಮನೆಯ ಹುಡುಗಿ ಒಂಬತ್ತನೇ ತರಗತಿ. ಮೊನ್ನೆ ಸಂಜೆ ನೋಟ್‌ಬುಕ್ ಹಿಡಿದು ಬಂದಳು. ಬೆಂಗಳೂರಿಗೆ ಆ ಹೆಸರು ಹೇಗೆ ಬಂತು ಎಂಬುದರ ಮೇಲೆ ಆಧಾರಸಹಿತ ಪ್ರಬಂಧ ಬರೆಯಬೇಕಿತ್ತು. ಬೇಟೆಗೆ ಬಂದ ರಾಜ ವೀರಬಲ್ಲಾಳ ಕಾಡಿನಲ್ಲಿ ದಾರಿ ತಪ್ಪಿದ್ದು, ಗುಡಿಸಲಿನ ಮುದುಕಿ ಅವನಿಗೆ ಬೆಂದ ಕಾಳು ಕೊಟ್ಟು ಹಸಿವು ತಣಿಸಿದ್ದು, ಅದರಿಂದ ಬೆಂದಕಾಳೂರು ಆದದ್ದು, ಎಲ್ಲವನ್ನೂ ದುಂಡಗೆ ಬರೆದಿದ್ದಳು. ಕೊನೆಯಲ್ಲಿ 'ಆಧಾರ' ಎಂದು ಬರೆದು ಎರಡು ಗೆರೆ ಖಾಲಿ ಬಿಟ್ಟಿದ್ದಳು. "ಮಾಮ, ಇಲ್ಲೇನು ಬರೀಲಿ? ಅಜ್ಜಿ ಹೇಳಿದ್ದು ಅಂತ ಬರೆದರೆ ನಡೆಯುತ್ತಾ?"

ಅವಳಿಗೆ ಒಂದು ಕಲ್ಲಿನ ವಿಷಯ ಹೇಳಿದೆ. ಹೊಸೂರು ರಸ್ತೆಗೆ ಸಮೀಪದ ಬೇಗೂರಿನಲ್ಲಿ, ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ಶಾಸನವಿದೆ. ಗಂಗರ ಕಾಲದ್ದು. ಅದು ಸುಮಾರು ಕ್ರಿ.ಶ. 890ರದ್ದೆಂದು ವಿದ್ವಾಂಸರು ಗೊತ್ತುಮಾಡಿದ್ದಾರೆ. ಬೆಂಗಳೂರ ಕಾಳಗದಲ್ಲಿ ನಾಗತ್ತರನೆಂಬವನ ಮಗ ಬುಟ್ಟಣ ಮಡಿದ ಎಂಬ ಮಾತು ಅದರಲ್ಲಿದೆ. ಕಥೆಯ ಇಮ್ಮಡಿ ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಎಂದರೆ, ರಾಜನಿಗೆ ಹಸಿವಾಗುವ ಹೊತ್ತಿಗೆ ಊರಿಗೆ ಆ ಹೆಸರು ಬಂದು ಮುನ್ನೂರು ವರ್ಷವಾಗುತ್ತ ಬಂದಿತ್ತು! ಹುಡುಗಿಯ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಹಾಗಾದರೆ ಆ ಹೆಸರು ಯಾಕೆ ಬಂತು ಅಂತ ಕಲ್ಲು ಹೇಳುತ್ತಾ?" ಇಲ್ಲ, ಹೇಳುವುದಿಲ್ಲ. ಬೇಂಗೆ ಮರದಿಂದ ಬಂತೆನ್ನುವವರಿದ್ದಾರೆ, ಬೆಣಚುಕಲ್ಲಿನಿಂದ ಎನ್ನುವವರೂ ಇದ್ದಾರೆ. ಅವೆಲ್ಲ ಊಹೆ. ಒಂದು ಕಾಳಗವಾಯಿತು, ಬುಟ್ಟಣ ಸತ್ತ, ಊರಿನ ಹೆಸರು ಬೆಂಗಳೂರು. ಕಲ್ಲಿನ ಸಾಕ್ಷಿ ಇಷ್ಟೇ.

ಶಾಸನದ ಪಡಿಯಚ್ಚು ತೆಗೆಯುವವರನ್ನು ಒಮ್ಮೆ ನೋಡಬೇಕು. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ಮೆಲ್ಲಗೆ ತಟ್ಟುತ್ತಾರೆ. ಕಾಗದ ಅಕ್ಷರದ ಗುಳಿಗೆ ಇಳಿದು ಕೂತ ಮೇಲೆ ಮಸಿ ಒತ್ತುತ್ತಾರೆ. ಗುಳಿ ಬಿಳಿಯಾಗಿ ಉಳಿದು ಅಕ್ಷರ ಕಾಣುತ್ತದೆ. ಕಲ್ಲು ಸವೆದು ಹೋದ ಕಡೆ ಒಳ್ಳೆಯ ವಿದ್ವಾಂಸ ತನ್ನ ಕಡೆಯಿಂದ ಅಕ್ಷರ ತುಂಬುವುದಿಲ್ಲ, ಚುಕ್ಕಿ ಇಟ್ಟು ಮುಂದೆ ಹೋಗುತ್ತಾನೆ. ಬಿ.ಎಲ್. ರೈಸ್ ಮತ್ತು ಅವರ ಜೊತೆಗಾರರು ಊರೂರು ಸುತ್ತಿ ಸುಮಾರು 9,000 ಶಾಸನಗಳನ್ನು ಹೀಗೇ ಓದಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 12 ಸಂಪುಟಗಳಲ್ಲಿ ನಮಗೆ ಉಳಿಸಿಕೊಟ್ಟರು. ನನಗೆ ಆ ಚುಕ್ಕಿಗಳ ಮೇಲೆ ಬಹಳ ಗೌರವ.

ಈ ವಿವೇಕ ನಮ್ಮ ಮಾತಿನಲ್ಲೂ ಇದೆ. 'ಬಂದ' ಎಂದರೆ ನಾನೇ ಕಂಡದ್ದು, 'ಬಂದನಂತೆ' ಎಂದರೆ ಬೇರೆಯವರಿಂದ ಕೇಳಿದ್ದು. ನಮ್ಮ ಹಿರಿಯರು ಎರಡೇ ಅಕ್ಷರದಲ್ಲಿ ಆಧಾರವನ್ನು ವಾಕ್ಯಕ್ಕೇ ಕಟ್ಟಿಬಿಟ್ಟಿದ್ದಾರೆ. ನಾವೋ ಆ ಗಂಟನ್ನು ಬಿಚ್ಚಿಹಾಕುತ್ತೇವೆ. ನಾದಿನಿ ಮದುವೆಗೆ ಬೇಕೆಂದೇ ಬರಲಿಲ್ಲವಂತೆ ಎಂಬುದು ನಾಲ್ಕು ಫೋನು ದಾಟುವಷ್ಟರಲ್ಲಿ 'ಬೇಕೆಂದೇ ಬರಲಿಲ್ಲ' ಎಂದಾಗಿರುತ್ತದೆ. ಅವಳಿಗೆ ಅಂದು ಜ್ವರವಿತ್ತೋ ಏನೋ, ಕೇಳಿದವರು ಯಾರು? ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರ ನಡುವೆ ಮಾತು ನಿಂತದ್ದು ಇಂಥ ಒಂದು 'ಅಂತೆ' ದಾರಿಯಲ್ಲಿ ಬಿದ್ದುಹೋದದ್ದರಿಂದ.

ಮುದುಕಿಯ ಕಥೆಯನ್ನು ಹೊಡೆದುಹಾಕಬೇಡ ಎಂದೆ ಹುಡುಗಿಗೆ. ಹಸಿದು ಬಂದವನಿಗೆ ಇದ್ದದ್ದನ್ನು ಬಡಿಸುವುದನ್ನು ಈ ಊರಿನ ಜನ ದೊಡ್ಡದೆಂದು ಭಾವಿಸಿದ್ದರು ಎಂಬುದಕ್ಕೆ ಆ ಕಥೆಯೂ ಒಂದು ಸಾಕ್ಷಿಯೇ. ಅವಳು ಅಲ್ಲೇ ಕೂತು ತಿದ್ದಿದಳು. 'ಕೊಟ್ಟಳು' ಇದ್ದಲ್ಲಿ 'ಕೊಟ್ಟಳಂತೆ' ಆಯಿತು. ಖಾಲಿ ಗೆರೆಯ ಮೇಲೆ 'ಬೇಗೂರು ಶಾಸನ, ಸು. 890' ಎಂದು ಬರೆದಳು. ಅದರ ಕೆಳಗೆ, 'ಹೆಸರಿನ ಕಾರಣ ಶಾಸನದಲ್ಲಿ ಇಲ್ಲ.'

ಬೇಗೂರು ದೂರವಲ್ಲ. ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಆ ಕಲ್ಲನ್ನು ತೋರಿಸಿ ಬನ್ನಿ.