ಬಿಟ್ಟದ್ದೆಲ್ಲವೂ ತ್ಯಾಗವೇ?

ಕೊಡುವವನು ದೊಡ್ಡವನೆಂಬುದು ಲೋಕರೂಢಿ. ಆದರೆ ಕೈಬಿಟ್ಟದ್ದೆಲ್ಲವೂ ತ್ಯಾಗವೆನಿಸುವುದೇ? ನಕ್ಷತ್ರಗಳು ಹುಟ್ಟುವ ಬಗೆಯನ್ನು ಅರಿತವರಿಗೆ ಈ ಪ್ರಶ್ನೆ ಸ್ಪಷ್ಟವಾದ ರೂಪದಲ್ಲಿ ಎದುರಾಗುತ್ತದೆ.

ಅನಿಲ ಮತ್ತು ಧೂಳಿನ ಮೇಘವು ತನ್ನದೇ ಗುರುತ್ವದಿಂದ ಕುಗ್ಗಿದಾಗ ನಕ್ಷತ್ರ ಜನಿಸುತ್ತದೆ. ಮೇಘಕ್ಕೆ ಮೊದಲಿನಿಂದಲೂ ಅಲ್ಪ ಭ್ರಮಣವಿರುತ್ತದೆ. ಕುಗ್ಗಿದಂತೆಲ್ಲ ಅದು ತೀವ್ರವಾಗುತ್ತದೆ. ಆದುದರಿಂದ ದ್ರವ್ಯವು ನೇರವಾಗಿ ಒಳಕ್ಕೆ ಬೀಳದೆ, ಶಿಶುನಕ್ಷತ್ರದ ಸುತ್ತ ತಟ್ಟೆಯಾಕಾರದಲ್ಲಿ ತಿರುಗತೊಡಗುತ್ತದೆ. ಭ್ರಮಣದ ಈ ಹೊರೆಯನ್ನು ಇಳಿಸದ ಹೊರತು ಅದು ನಕ್ಷತ್ರವನ್ನು ಸೇರಲಾರದು. ಆಗ ಕಾಂತಕ್ಷೇತ್ರದ ಬಲದಿಂದ ಸ್ವಲ್ಪ ಅನಿಲವು ಎರಡೂ ಧ್ರುವಗಳ ದಿಕ್ಕಿಗೆ, ಸೆಕೆಂಡಿಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಚಿಮ್ಮಿ, ಆ ಹೊರೆಯಲ್ಲಿ ಒಂದು ಪಾಲನ್ನು ಕೊಂಡೊಯ್ಯುತ್ತದೆ. ನಕ್ಷತ್ರಕ್ಕೆ ಹತ್ತು ಪಾಲು ಸೇರುವಲ್ಲಿ ಸುಮಾರು ಒಂದು ಪಾಲು ಹೀಗೆ ಹೊರಬೀಳುತ್ತದೆ.

1950ರ ಸುಮಾರಿಗೆ ಜಾರ್ಜ್ ಹರ್ಬಿಗ್ ಮತ್ತು ಗಿಲ್ಯೆರ್ಮೊ ಹಾರೊ ಎಂಬ ಖಗೋಳವಿಜ್ಞಾನಿಗಳು ಪ್ರತ್ಯೇಕವಾಗಿ ಅಭ್ಯಸಿಸಿದ ಮಸುಕು ಬೆಳಕಿನ ತುಣುಕುಗಳು, ಇಂತಹ ಪ್ರವಾಹವು ನೆರೆಯ ಅನಿಲಕ್ಕೆ ಅಪ್ಪಳಿಸಿದಾಗ ಮೂಡುವ ಪ್ರಭೆಯೆಂದು ಬಳಿಕ ತಿಳಿದುಬಂದಿತು. 1980ರಲ್ಲಿ ವೃಷಭ ರಾಶಿಯ ಎಲ್ 1551 ಎಂಬ ಮೇಘದಲ್ಲಿ ವಿರುದ್ಧ ದಿಕ್ಕುಗಳಿಗೆ ಹರಿಯುವ ಜೋಡಿ ಪ್ರವಾಹ ಪತ್ತೆಯಾಯಿತು. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕವು ಸುಮಾರು 1000 ಜ್ಯೋತಿರ್ವರ್ಷ ದೂರದ ಎಚ್‌ಎಚ್ 211ರ ಪ್ರವಾಹವನ್ನು ವಿವರವಾಗಿ ಚಿತ್ರಿಸಿತು.

ಬಿಡದೆ ಬೆಳವಣಿಗೆಯಿಲ್ಲವೆಂಬ ನೀತಿಯನ್ನು ಇಲ್ಲಿ ಕಾಣುವುದು ಸುಲಭ; ಆದರೆ ಅಷ್ಟಕ್ಕೇ ನಿಲ್ಲುವುದು ಉಚಿತವಲ್ಲ. ಹೊರಹೋದ ಒಂದು ಪಾಲಿನಿಂದಲೇ ಹತ್ತು ಪಾಲಿನ ಸಂಗ್ರಹ ಸಾಧ್ಯವಾಯಿತು. ಅಲ್ಲದೆ, ಆ ಪ್ರವಾಹವು ಸುತ್ತಣ ಮೇಘವನ್ನು ಚದುರಿಸುತ್ತದೆ. ಮತ್ತೊಂದು ನಕ್ಷತ್ರಕ್ಕೆ ಒದಗಬಹುದಾಗಿದ್ದ ದ್ರವ್ಯವೂ ದೂರ ಸರಿಯುತ್ತದೆ. ನಕ್ಷತ್ರಕ್ಕೆ ಸಂಕಲ್ಪವಿಲ್ಲ, ಆದುದರಿಂದ ಅದಕ್ಕೆ ಪುಣ್ಯವೂ ಇಲ್ಲ, ದೋಷವೂ ಇಲ್ಲ.

ಮನುಷ್ಯನಿಗಾದರೋ ಸಂಕಲ್ಪವುಂಟು. ಒಂದು ಪಾಲನ್ನು ದತ್ತಿಯಾಗಿತ್ತು, ಉಳಿದುದನ್ನು ನಿಶ್ಚಿಂತೆಯಿಂದ ಕೂಡಿಡುವವನ ನಡೆ ನಕ್ಷತ್ರದ ಲೆಕ್ಕಾಚಾರಕ್ಕಿಂತ ಭಿನ್ನವಲ್ಲ. ಅಂತಹ ದಾನದಿಂದಲೂ ಹಸಿದವನ ಹೊಟ್ಟೆ ತುಂಬುವುದರಿಂದ ಅದನ್ನು ಹಳಿಯಬೇಕಾಗಿಲ್ಲ. ಆದರೆ ಅದನ್ನು ತ್ಯಾಗವೆಂದು ಕರೆಯುವ ಮುನ್ನ ಎರಡು ಸಂಗತಿಗಳನ್ನು ವಿವೇಚಿಸಬೇಕು: ಕೊಟ್ಟ ಬಳಿಕ ಕೂಡಿಡುವ ಆಸೆ ಕುಗ್ಗಿತೇ ಅಥವಾ ಹಿಗ್ಗಿತೇ? ಕೊಟ್ಟದ್ದು ನೆರೆಯವನನ್ನು ಪೋಷಿಸಿತೇ ಅಥವಾ ಬದಿಗೆ ತಳ್ಳಿತೇ? ಈ ವಿವೇಚನೆ ವ್ಯಕ್ತಿಗೆ ಹೇಗೋ, ದಾನವನ್ನು ಸ್ವೀಕರಿಸಿ ವಿನಿಯೋಗಿಸುವ ಸಂಸ್ಥೆಗಳಿಗೂ ಹಾಗೆಯೇ ಸಲ್ಲುತ್ತದೆ.